ಮ್ಯಾನೇಜರ್ ಹತ್ತಿರ ಹೋಗುವ ದಾರಿಗಳು

ದಾವಣಗೆರೆಯ ಅಶೋಕ ರಸ್ತೆಯಲ್ಲಿ
ರೈಲ್ವೆ ಗೇಟು ಬಿದ್ದಾಗಲೆಲ್ಲ
ನಮ್ಮ ಡಿಟಿಪಿ ಅಂಗಡಿಯ ಮುಂದೆ ಹಾರ್ನುಗಳ ಸಂತೆ.
ಅದೇ ಹೊತ್ತಿಗೆ ಒಳಗೆ
ಹರಿಹರದವರ ಲಗ್ನಪತ್ರಿಕೆ
ವರನ ಹೆಸರಿನ ಅರ್ಧಕ್ಕೆ ನಿಂತುಬಿಟ್ಟಿತು.
ಚಿ|| ರಾ|| ಕೊಟ್ರ
ಅಷ್ಟೇ.
ಮುಂದಿನ ಅಕ್ಷರ ಒತ್ತಿದರೆ ಒತ್ತಿಸಿಕೊಳ್ಳಲಿಲ್ಲ,
ಬಾಣದ ಗುರುತು ಬಳೆಯಾಗಿ ಸುತ್ತತೊಡಗಿತು.

ಕೆಲಸಕ್ಕೆ ಸೇರಿ ನನಗಿನ್ನೂ ಒಂಬತ್ತು ದಿನ.
ಪ್ಲಗ್ಗು ಕೀಳಲು ಬಗ್ಗಿದೆ.
"ತಡಿಯವ್ವಾ ಫರ್ಜಾನಾ, ಕೊಲ್ಲಬ್ಯಾಡ.
ಮ್ಯಾನೇಜರ್ ಅದಾನ, ಅವನ್ನ ಕರಿ"
ಎಂದರು ಹಾಲಸ್ವಾಮಣ್ಣ,
ಮಂಡಕ್ಕಿ ಪೊಟ್ಟಣದ ಬಾಯಿ ಮಡಿಚುತ್ತ.

ನಾನು ಬಾಗಿಲ ಕಡೆ ನೋಡಿದೆ.
ಈ ಅಂಗಡಿಗೊಬ್ಬ ಮ್ಯಾನೇಜರ್ ಇದ್ದಾನೆಂದು
ಯಾರೂ ಹೇಳಿರಲಿಲ್ಲ.

ಅವರು ನಗಲಿಲ್ಲ. ಕುರ್ಚಿ ಎಳೆದುಕೊಂಡರು.
ಎಲ್ಲ ಕಡೆ ಹೇಳಿಕೊಡುವುದು ಇದು:
ಕಂಟ್ರೋಲು, ಆಲ್ಟು ಎಡಕ್ಕೆ, ಡಿಲೀಟು ಅಷ್ಟು ದೂರ, ಬಲಕ್ಕೆ.
"ಎರಡು ಕೈ ಇದ್ದೋರು ಇಟ್ಟ ಬಾಗ್ಲು.
ಇರ್ಲಿ, ಕಲ್ತುಕೊ. ನನಗೆ ಒಗ್ಗಂಗಿಲ್ಲ."

ಆಗ ನೋಡಿದೆ ಅವರ ಬಲಗೈ,
ಒಂಬತ್ತು ದಿನದಲ್ಲಿ ಮೊದಲ ಸಲ ನೇರವಾಗಿ:
ಹೆಬ್ಬೆರಳು, ಕಿರುಬೆರಳು,
ನಡುವೆ ನುಣುಪಾದೊಂದು ದಿಬ್ಬ.

"ಎಡಗೈ ಒಂದಿದ್ರ ಸಾಕು, ನೋಡು.
ಕಿರುಬೆರಳು ಕಂಟ್ರೋಲಿಗೆ, ಉಂಗುರದ್ದು ಶಿಫ್ಟಿಗೆ,
ನಡುಬೆರಳು ಚಾಚಿ ಮೂಲೆಯ ಎಸ್ಕೇಪಿಗೆ.
ಗೇಣು ಹಾಕಿ ಬಟ್ಟೆ ಅಳಿತೀಯಲ್ಲ, ಹಂಗ."
ಮೌಸಿಗೆ ಜೀವವಿದ್ದರೆ
ಕೆಳಗಿನ ಪಟ್ಟಿಯ ಖಾಲಿ ಜಾಗದಲ್ಲಿ ಬಲಗುಂಡಿ.
"ಈ ಕಿರುಬೆರಳು ಉಳ್ದಿದ್ದೇ ಈ ಗುಂಡಿಗೆ" —
ಆಗ ಮಾತ್ರ ನಕ್ಕರು.
ಇಲ್ಲವೇ ಕಿಟಕಿ ಗುರುತಿನ ಗುಂಡಿ ಹಿಡಿದು ಆರ್,
ಸಣ್ಣದೊಂದು ಡಬ್ಬಿ ಬರುತ್ತದೆ,
ಅದರಲ್ಲಿ ಅವನ ಹೆಸರು, ಪೂರ್ತಿ ಬೇಡ,
ಟಾಸ್ಕ್ ಆದ ಮೇಲೆ ಸ್ವರ ನುಂಗಿ ಎಂ, ಜಿ, ಆರ್,
ಗುಮಾಸ್ತರ ಅವಸರದ ಚೀಟಿಯ ಹಾಗೆ.
ಅದೂ ಆಗದಿದ್ದರೆ ಅದೇ ಕಿಟಕಿ, ಎಕ್ಸ್, ಬಿಟ್ಟು ಟಿ.
"ಇದು ಹಿತ್ತಲ ಬಾಗ್ಲು."

"ಒಂದು ಗೊತ್ತಿದ್ದರೆ ಸಾಕಲ್ಲವಾ ಅಣ್ಣಾ?"

ಹೊರಗೆ ಗೂಡ್ಸು ಗಾಡಿ.
ಡಬ್ಬಿಗಳೆಲ್ಲ ದಾಟುವ ತನಕ ಅವರು ಮಾತಾಡಲಿಲ್ಲ.

ಹತ್ತಿ ಮಿಲ್ಲಿನ ಆ ಮಷೀನಿಗೆ
ನಿಲ್ಲಿಸುವ ಗುಂಡಿ ಒಂದೇ ಇತ್ತಂತೆ,
ಎದುರು ಗೋಡೆಯಲ್ಲಿ, ಹದಿನಾಲ್ಕು ಹೆಜ್ಜೆ.
ಕೈ ಒಳಗೆ ಸಿಕ್ಕವನಿಗೆ
ಹದಿನಾಲ್ಕು ಹೆಜ್ಜೆ.
ಓಡಿ ಒತ್ತಿದವನು ಚಮನಸಾಬಿ.
"ಅವನಿಗೆ ಒಂದು ಕಾಲು ಸೊಟ್ಟ ಇತ್ತು" ಎಂದಷ್ಟೇ ಹೇಳಿ
ಮಾನಿಟರಿನ ಧೂಳು ಒರೆಸಿದರು.
ಮಿಲ್ಲಿನ ಮ್ಯಾನೇಜರ ಕೋಣೆಗೂ ಒಂದೇ ಬಾಗಿಲು,
ಬಾಗಿಲ ಮುಂದೆ ಸ್ಟೂಲು,
ಸ್ಟೂಲಿನ ಮೇಲೊಬ್ಬ ಮನುಷ್ಯ:
"ಸಾಹೇಬ್ರು ಊಟಕ್ಕೆ ಹೋಗ್ಯಾರ."
ಅರ್ಜಿ ಹಿಡಿದು ಎಷ್ಟು ದಿನ ನಿಂತರೋ,
ನಾನು ಕೇಳಲಿಲ್ಲ.

ಎಡಗೈ ಗೇಣು ಹಾಕಿದೆ.
ಬಂದ.
ಸ್ಟೂಲಿಲ್ಲ, ಚೀಟಿಯಿಲ್ಲ,
ಯಾರು ಎಷ್ಟು ತಿನ್ನುತ್ತಿದ್ದಾರೆಂಬ ಲೆಕ್ಕವನ್ನು
ಎದೆಯ ಮೇಲೇ ಬರೆದುಕೊಂಡು.
ಪಟ್ಟಿಯ ತಲೆಗೆ ನಮ್ಮ ಲಗ್ನಪತ್ರಿಕೆ,
ಪಕ್ಕದಲ್ಲಿ: ಉತ್ತರ ಕೊಡುತ್ತಿಲ್ಲ.
ಮುಗಿಸು ಎಂಬಲ್ಲಿ ಒತ್ತಿದೆ.
ಕೊಟ್ರನೂ ಹೋದ, ವಧುವೂ, ಮುಹೂರ್ತವೂ,
ಸೇವ್ ಮಾಡಿರಲಿಲ್ಲ ನಾನು.

"ಅದಕ್ಕೆ ಯಾವ ಬಾಗ್ಲೂ ಇಲ್ಲವ್ವಾ" ಎಂದರು.
"ಮೊದ್ಲಿಂದ ಹೊಡಿ."

ಗೇಟು ಎದ್ದಿತು. ಹಾರ್ನುಗಳು ಹರಿದುಹೋದವು.
ನಾನು ಶ್ರೀ ಎಂದು ಶುರುಮಾಡಿ
ಎರಡು ಪದಕ್ಕೊಮ್ಮೆ ಕಂಟ್ರೋಲ್ ಎಸ್ ಒತ್ತುತ್ತ ಹೋದೆ.
ಅದೂ
ಎಡಗೈಗೇ ಎಟುಕುತ್ತದೆ.